ಗಂಜಿ ಹಾಕಿದ ಷೇರು ಕಾಗದ

ಅಣ್ಣ ಕೇಳಿದ ದಿನ ನಾನು ನಿಜ ಹೇಳಲಿಲ್ಲ. ಹೇಳಬೇಕಾಗಿದ್ದ ಮಾತು ಉದ್ದದ್ದೇನೂ ಆಗಿರಲಿಲ್ಲ. ಷೇರಿನ ಕಾಗದ ನನ್ನ ಕೈಯಲ್ಲೇ ಹಾಳಾಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು. ಕೊನೆಗೆ ಎಲ್ಲವೂ ಸರಿಹೋಯಿತು, ಅಣ್ಣನಿಗೆ ಬೇಕಾದದ್ದು ಸಿಕ್ಕಿತು. ಆ ನೆಮ್ಮದಿಯಿಂದಲೇ ಇದನ್ನು ಬರೆಯಲು ಧೈರ್ಯ ಬಂದಿದೆ.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಸರಾಗವಾಗಿ ಓದಲು, ನಿಧಾನವಾಗಿ ಬರೆಯಲು ಕಲಿತದ್ದು ಆಮೇಲೆ, ಮಾಟುಂಗದ ಕನ್ನಡ ಸಂಘದಿಂದ ಅಣ್ಣ ತಂದುಕೊಡುತ್ತಿದ್ದ ಪುಸ್ತಕಗಳಿಂದ. ಇಂಗ್ಲಿಷು ಇಂದಿಗೂ ಬಾರದು. ಅಮ್ಮ ತೀರಿಕೊಂಡ ಮೇಲೆ ಉಡುಪಿಯ ಕಡೆಯ ನಮ್ಮ ಊರಿಗೆ ಬಂದು ಅಣ್ಣ ನನ್ನನ್ನು ಮುಂಬಯಿಗೆ ಕರೆದುಕೊಂಡು ಬಂದಿದ್ದ. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾಟುಂಗದ ಚಾಳಿನಲ್ಲಿ ನಮಗಿದ್ದದ್ದು ಒಂದೇ ಖೋಲಿ. ಒಂದು ಮೂಲೆಯಲ್ಲಿ ಅಡುಗೆ, ಇನ್ನೊಂದು ಮೂಲೆಯಲ್ಲಿ ನೀರಿನ ಮೋರಿ, ನಡುವೆ ನಾವು. ಮನೆಯಲ್ಲಿ ಆಡುತ್ತಿದ್ದ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಬೆಳಗ್ಗೆ ಇಡ್ಲಿಯ ಮೊದಲ ಪಾತ್ರೆ ಇಳಿಯುವ ಮೊದಲೇ ಅಲ್ಲಿರಬೇಕು. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಮನೆಗೆ ಬಂದು ಅರೆಗಳಿಗೆ ಅಡ್ಡಾದರೆ ಮತ್ತೆ ಸಂಜೆಯ ಗಿರಾಕಿಗಳು. ಮಾಲೀಕರಿಗೆ ಅವನ ಮೇಲೆ ಎಷ್ಟು ನಂಬಿಕೆಯೆಂದರೆ, ಅವರು ಊರಿಗೆ ಹೋದಾಗ ತಿಜೋರಿಯ ಬೀಗದ ಕೈಯನ್ನೂ ಅವನಿಗೇ ಕೊಟ್ಟು ಹೋಗುತ್ತಿದ್ದರು. ಅಣ್ಣನಿಗಿದ್ದ ಆಸೆ ಒಂದೇ. ಸಣ್ಣದಾದರೂ ಪರವಾಗಿಲ್ಲ, ತನ್ನದೇ ಒಂದು ಹೋಟೆಲು, ಅದರ ಗಲ್ಲಾದಲ್ಲಿ ತಾನು.

ಅದಕ್ಕೆ ಅವನು ಕೂಡಿಟ್ಟ ರೀತಿ ಮಾತ್ರ ನಮ್ಮ ಜನದ ರೀತಿಯಾಗಿರಲಿಲ್ಲ. ಹೋಟೆಲಿನ ಬೇರೆಯವರೆಲ್ಲ ಊರಲ್ಲಿ ಗದ್ದೆ ಹಿಡಿಯುತ್ತಿದ್ದರು, ಚಿನ್ನ ಮಾಡಿಸುತ್ತಿದ್ದರು, ಚೀಟಿ ಹಾಕುತ್ತಿದ್ದರು. ಅಣ್ಣ ಷೇರು ಕೊಂಡ. ಅವನಿಗೆ ಆ ಹುಚ್ಚು ಹಿಡಿಸಿದವರು ಒಬ್ಬ ಗುಜರಾತಿ ದಲಾಲರು. ನಾವು ಅವರನ್ನು ಸೇಠರು ಎನ್ನುತ್ತಿದ್ದೆವು. ಅವರ ಮನೆಯಲ್ಲಿ ಚಹಾ ಮಾತ್ರ. ಕಾಫಿಯ ಚಪಲ ತೀರಿಸಿಕೊಳ್ಳಲು ದಿನವೂ ಈ ಹೋಟೆಲಿಗೆ ಬಂದು, ಗಲ್ಲಾದ ಪಕ್ಕದ ಮೇಜಿನಲ್ಲೇ ಕೂತು, ಬಸಿಗೆ ಸುರಿದು ಕುಡಿದು, ಷೇರು ಪೇಟೆಯಿದ್ದ ಕೋಟೆ ಬಡಾವಣೆಯ ಕಡೆಗೆ ಹೋಗುವವರು. ಅವರ ಮಾತು ಕೇಳಿ ಅಣ್ಣ ಒಂದು ಬಟ್ಟೆ ಗಿರಣಿಯ ಷೇರುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಂಡು, ಎಲ್ಲವನ್ನೂ ಸೇರಿಸಿ ಒಂದೇ ಕಾಗದ ಮಾಡಿಸಿಕೊಂಡಿದ್ದ. ಸಂಬಳದಲ್ಲಿ ಉಳಿದದ್ದೆಲ್ಲ ಆ ಒಂದು ಹಾಳೆಯಲ್ಲಿತ್ತು.

"ಕಾಗದ ಕೊಂಡವ" ಎಂದು ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಅಣ್ಣನಿಗೆ ಬೇಸರವಿರಲಿಲ್ಲ. ನಾವಿಬ್ಬರೂ ಲೋಕಲಿನಲ್ಲಿ ಪರೇಲಿನ ಕಡೆ ಹೋಗುವಾಗ ಗಿರಣಿಯ ಚಿಮಣಿ ಕಂಡರೆ ಸಾಕು, ಮೊಣಕೈಯಿಂದ ನನ್ನನ್ನು ತಿವಿಯುವನು.

"ನೋಡು. ಆ ಹೊಗೆಯಲ್ಲಿ ಒಂದು ಎಳೆ ನಮ್ಮದು."

"ಹಾಗಾದ್ರೆ ಮಸಿ ಬಿದ್ದ ಬಟ್ಟೆ ಒಗೆಯುವ ಕೂಲಿಯೂ ನಮಗೆ ಬರ್ಬೇಕಲ್ಲ" ಎನ್ನುತ್ತಿದ್ದೆ ನಾನು.

ವರ್ಷಕ್ಕೊಮ್ಮೆ ಡಿವಿಡೆಂಡು ಬರುತ್ತಿತ್ತು. ವರ್ಷಕ್ಕೊಮ್ಮೆ ಷೇರುದಾರರ ಸಭೆಗೆ ಕರೆಯೂ ಬರುತ್ತಿತ್ತು. ಮೊದಲ ಸಲ ಸಭೆಗೆ ಹೋಗುವಾಗ ಅಣ್ಣ ಪಕ್ಕದ ಖೋಲಿಯವರ ಕೋಟು ಕೇಳಿ ಹಾಕಿಕೊಂಡಿದ್ದ. ತಿರುಗಿ ಬಂದವನನ್ನು ಏನಾಯಿತೆಂದು ಕೇಳಿದೆ. ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಂತೆ, ಅರ್ಧ ಅರ್ಥವಾಗಲಿಲ್ಲವಂತೆ. "ಆದ್ರೆ ನನ್ನನ್ನು ಕೂರಿಸಿ ಕಾಫಿ ಕೊಟ್ಟರು ಮಾರಾಯ್ತಿ. ಕಾಫಿ ಚಂದ ಇರ್ಲಿಲ್ಲ. ಆದ್ರೆ ಕೊಟ್ಟರು" ಎಂದ. ದಿನವಿಡೀ ಬೇರೆಯವರು ಕುಡಿದದ್ದಕ್ಕೆ ದುಡ್ಡು ತೆಗೆದುಕೊಳ್ಳುವವನಿಗೆ ಅದು ದೊಡ್ಡ ವಿಷಯ. ಆ ರಾತ್ರಿ ಊಟ ಮಾಡುವಾಗಲೂ ಎರಡು ಸಲ ಹೇಳಿದ.

ಷೇರಿನ ಕಾಗದ ಇಡುವ ಕೆಲಸ ನನ್ನದು. ಮನೆಯಲ್ಲಿದ್ದ ಒಂದೇ ಟ್ರಂಕಿನ ತಳದಲ್ಲಿ, ನನ್ನ ಸೀರೆಗಳ ಕೆಳಗೆ ಅದರ ಜಾಗ. ದಪ್ಪ ಕಾಗದ, ಸುತ್ತ ಬಳ್ಳಿಯಂಥ ಹಸಿರು ಅಂಚು, ನಡುವೆ ಮಸಿಯಲ್ಲಿ ಬರೆದ ಅಣ್ಣನ ಹೆಸರು, ಮೂಲೆಯಲ್ಲಿ ಬೆರಳಾಡಿಸಿದರೆ ತಿಳಿಯುವ ಉಬ್ಬು ಮುದ್ರೆ. ಎಲ್ಲ ಇಂಗ್ಲಿಷು, ನನಗೆ ಓದಲು ಬರುತ್ತಿದ್ದದ್ದು ಅದರ ಅಂಕಿಗಳು ಮಾತ್ರ. ಆದರೂ ಅಷ್ಟು ಚಂದದ ಕಾಗದವನ್ನು ನಾನು ಅದುವರೆಗೆ ನೋಡಿರಲಿಲ್ಲ.

ದೀಪಾವಳಿಯ ಲಕ್ಷ್ಮೀಪೂಜೆಗೆ ಕಲಶದ ಎದುರು ಮನೆಯ ಚಿನ್ನ ಇಡುವುದು ಕ್ರಮ. ನಮ್ಮಲ್ಲಿ ಚಿನ್ನವೆಂದರೆ ನನ್ನ ಕಿವಿಯಲ್ಲಿದ್ದ ಬೆಂಡೋಲೆ, ಅಷ್ಟೆ. ಒಂದು ವರ್ಷ ನಾನು ಕೇಳಿದೆ, "ಲಕ್ಷ್ಮಿಗೆ ಎಂತ ಇಡುದು?" ಅಣ್ಣ ಹೋಟೆಲಿನ ಗಲ್ಲಾಪೂಜೆಗೆ ಹೊರಟವನು ಬಾಗಿಲಲ್ಲೇ ನಿಂತು, "ನಮ್ಮ ಲಕ್ಷ್ಮಿ ಟ್ರಂಕಲ್ಲಿ ಮಲಗಿದ್ದಾಳಲ್ಲ, ಅವಳನ್ನೇ ಎಬ್ಬಿಸು" ಎಂದು ನಗುತ್ತ ಹೋದ. ಅವನು ಹೇಳಿದ್ದು ತಮಾಷೆಗೆ. ನಾನು ನಿಜವೆಂದೇ ತಿಳಿದೆ. ಬಾಳೆಲೆಯ ಮೇಲೆ ಷೇರಿನ ಕಾಗದವಿಟ್ಟು, ನಾಲ್ಕೂ ಮೂಲೆಗೆ ಅರಸಿನ ಕುಂಕುಮ ಹಚ್ಚಿ, ಹೂವಿಟ್ಟು ಆರತಿ ಮಾಡಿದೆ. ಮಧ್ಯಾಹ್ನ ಬಂದು ನೋಡಿದ ಅಣ್ಣ ಮೊದಲು ಗಾಬರಿಯಾದ. ಆಮೇಲೆ ನಕ್ಕ. "ಇರ್ಲಿ. ಆದ್ರೆ ನೀರು ತಾಗದ ಹಾಗೆ ನೋಡ್ಕೋ. ಮಸಿಯಲ್ಲಿ ಬರೆದದ್ದು" ಎಂದ.

ಮರುವರ್ಷ ನೀರು ತಾಗಿತು. ಪೂಜೆ ಮುಗಿಸಿ ಕಲಶ ಎತ್ತುವಾಗ ಕೈ ಜಾರಿ, ಅದರಲ್ಲಿದ್ದ ನೀರೆಲ್ಲ ಕಾಗದದ ಮೇಲೆ ಹರಿಯಿತು. ಮೈ ಒರೆಸುವ ಬೈರಾಸಿನಿಂದ ಒತ್ತಿದೆ, ಗೋಡೆಗೆ ಆನಿಸಿ ಒಣಗಿಸಿದೆ. ಅಣ್ಣನ ಹೆಸರು ನೀಲಿಯಾಗಿ ಹಬ್ಬಿತ್ತು, ಆದರೂ ತಿಳಿಯುವಂತಿತ್ತು. ನನ್ನನ್ನು ಹೆದರಿಸಿದ್ದು ಬೇರೆಯೇ. ಗರಿಗರಿಯಾಗಿದ್ದ ಕಾಗದ ಹಳೆ ಸೀರೆಯ ಹಾಗೆ ಮೆತ್ತಗಾಗಿಬಿಟ್ಟಿತ್ತು. ಮುಟ್ಟಿದ ಕೂಡಲೇ ಅಣ್ಣನಿಗೆ ಗೊತ್ತಾಗುತ್ತದೆ.

ಮೆತ್ತಗಾದದ್ದನ್ನು ಗರಿಗರಿ ಮಾಡುವುದು ನನಗೆ ಗೊತ್ತಿತ್ತು. ಅಣ್ಣನ ಪಂಚೆ, ಅಂಗಿ, ನನ್ನ ಸೀರೆ ಎಲ್ಲಕ್ಕೂ ನಾನೇ ಗಂಜಿ ಹಾಕುತ್ತಿದ್ದೆ. ಚಾಳಿನಲ್ಲಿ ಅದಕ್ಕೆ ಹೆಸರುವಾಸಿ. ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ, ಅದರಲ್ಲಿ ಬಟ್ಟೆ ಅದ್ದಿ, ಕಾಗದದ ಎರಡೂ ಬದಿಗೆ ಮೃದುವಾಗಿ ಸವರಿದೆ. ಅರೆಒಣಗಿದ ಮೇಲೆ ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ, ಕಾಗದದ ಮೇಲೆ ತೆಳು ಬಟ್ಟೆ ಹಾಸಿ ಉಜ್ಜಿದೆ. ಉಬ್ಬು ಮುದ್ರೆ ಚಪ್ಪಟೆಯಾಯಿತು. ಆದರೆ ಕಾಗದ ಹೊಸದರಂತೆ ಸೆಟೆದು ನಿಂತಿತು. ಆ ಹೊತ್ತಿನಲ್ಲಿ ನನಗಾದ ಸಮಾಧಾನ ಇನ್ನೂ ನೆನಪಿದೆ. ನಾನು ದೊಡ್ಡ ಬುದ್ಧಿವಂತೆ ಎಂದುಕೊಂಡೇ ಅದನ್ನು ಟ್ರಂಕಿನಲ್ಲಿಟ್ಟೆ.

ನಮ್ಮ ತುಳುವರ ಹೊಸವರ್ಷದ ಬಿಸು ಹಬ್ಬಕ್ಕೆ ಉಡಲು ಒಳ್ಳೆಯ ಸೀರೆ ತೆಗೆಯುವಾಗ ಮತ್ತೆ ಅದನ್ನು ನೋಡಿದೆ. ಜಿರಳೆಗಳು ಗಂಜಿಯ ರುಚಿ ಹಿಡಿದಿದ್ದವು. ಹಸಿರು ಬಳ್ಳಿಯ ಅಂಚು ಎರಡು ಕಡೆ ಪೂರ್ತಿ ಇರಲಿಲ್ಲ. ಕೆಳಭಾಗ ಜಾಲರಿಯಾಗಿತ್ತು. ಹೆಸರಿನ ಅರ್ಧ, ಮೇಲಿನ ಅಂಕಿಗಳು ಉಳಿದಿದ್ದವು. ಸೀರೆಗಳಿಗೆ ಏನೂ ಆಗಿರಲಿಲ್ಲ, ಅವುಗಳ ನಡುವೆ ನಾನು ನುಸಿಗುಳಿಗೆ ಇಟ್ಟಿದ್ದೆ. ಕಾಗದಕ್ಕೆ ಬೇಕೆಂದು ತೋಚಿರಲಿಲ್ಲ.

ಕಾಗದ ಹೋದರೆ ಷೇರೂ ಹೋಯಿತು ಎಂದು ನಾನು ತಿಳಿದಿದ್ದೆ. ನೋಟು ಸುಟ್ಟರೆ ದುಡ್ಡು ಸುಟ್ಟ ಹಾಗೆ. ಅಣ್ಣನ ಹೋಟೆಲನ್ನು ನಾನೇ ಜಿರಳೆಗೆ ಹಾಕಿದ್ದೆ. ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆ ಹಲಗೆಗೆ ಹಾಸಿದ್ದ ಕಾಗದದ ಅಡಿಯಲ್ಲಿ, ಸಂಬಾರದ ಡಬ್ಬಿಗಳ ಕೆಳಗೆ ತಳ್ಳಿದೆ. ಎಸೆಯಲು ಮನಸ್ಸಾಗಲಿಲ್ಲ.

ಅಣ್ಣ ಬೈಯುವವನಲ್ಲ. ನನಗೆ ಹೆದರಿಕೆಯಿದ್ದದ್ದು ಬೈಗುಳಕ್ಕಲ್ಲ. ಮನೆಗೆ ಯಾರು ಬಂದರೂ ಅವನು, "ಇವಳಿಗೆ ಮೂರೇ ಕ್ಲಾಸು. ಆದ್ರೆ ಮನೆ ನಡೆಸುದ್ರಲ್ಲಿ ಯಾವ ಮ್ಯಾನೇಜರಿಗೂ ಕಮ್ಮಿ ಇಲ್ಲ" ಎನ್ನುತ್ತಿದ್ದ. ಆ ಮಾತು ನಿಂತುಹೋಗುವುದು ನನಗೆ ಬೇಡವಾಗಿತ್ತು.

ಮಳೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಅಣ್ಣ ಓಡುತ್ತಲೇ ಮೆಟ್ಟಿಲು ಹತ್ತಿ ಬಂದ. ಚೆಂಬೂರಿನ ಕಡೆ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಕೆಲಸದವರು ಗುಂಪು ಗುಂಪಾಗಿ ಬರುತ್ತಿದ್ದರು, ಅವರಿಗೆ ಸರಿಯಾದ ಊಟ ತಿಂಡಿ ಸಿಗುತ್ತಿರಲಿಲ್ಲ. ಸ್ಟೇಷನ್ನಿನ ಹತ್ತಿರ ಒಂದು ಅಂಗಡಿ ಖಾಲಿಯಾಗಿದೆ, ಅವನ ಹೋಟೆಲಿನ ಅಡುಗೆಯ ಭಟ್ಟರು ಅರ್ಧ ಪಾಲು ಹಾಕುತ್ತಾರೆ, ಇನ್ನರ್ಧ ಅಣ್ಣ ಹಾಕಬೇಕು. ಷೇರು ಮಾರಿದರೆ ಸಾಕು.

"ತೆಗಿ ಲಕ್ಷ್ಮಿಯನ್ನು" ಎಂದ.

ನಾನು ಟ್ರಂಕು ತೆರೆದೆ. ಸೀರೆಗಳನ್ನು ಒಂದೊಂದಾಗಿ ಎತ್ತಿದೆ. ತಳ ಕಂಡಾಗ, "ಇಲ್ಲಿಲ್ಲ ಅಣ್ಣ" ಎಂದೆ.

"ಇಲ್ಲ ಅಂದ್ರೆ? ಅಲ್ಲೇ ಇತ್ತಲ್ಲ."

"ನೀನು ಸೇಠರಿಗೆ ತೋರಿಸ್ಲಿಕ್ಕೆ ಅಂತ ಯಾವಾಗ್ಲೋ ತೆಗೊಂಡು ಹೋಗಿದ್ದಿಯೋ ಏನೋ."

ಆ ಮಾತು ನಾನು ಯೋಚಿಸಿ ಆಡಿದ್ದಲ್ಲ, ಬಾಯಿಗೆ ಬಂತು. ತಾನು ಒಯ್ದದ್ದು ಹೌದೇ ಎಂದು ಅಣ್ಣ ನೆನಪು ಮಾಡಿಕೊಳ್ಳುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಒಯ್ದಿದ್ದರೂ ಒಯ್ದಿರಬಹುದು ಎಂದು ಅವನಿಗೆ ತೋರತೊಡಗಿತು.

ರಜೆಯ ದಿನವಿಡೀ ಹುಡುಕಿದ. ದೇವರ ಪಟಗಳ ಹಿಂದೆ ನೋಡಿದ, ಕೋಟು ಕೊಟ್ಟಿದ್ದವರ ಕೋಟಿನ ಜೇಬು ನೋಡಿದ, ಕೊನೆಗೆ ಹಾಸಿಗೆಯ ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಹೊರಗೆಳೆದ. ನಾನು ಅವನ ಜೊತೆಗೇ ಬಗ್ಗಿ, ಹತ್ತಿಯನ್ನು ಹಿಡಿಹಿಡಿಯಾಗಿ ತೆಗೆದು ನೋಡುತ್ತಿದ್ದೆ. ಅವನು ಎದ್ದು ಅಡುಗೆ ಹಲಗೆಯ ಡಬ್ಬಿಗಳಿಗೆ ಕೈ ಹಾಕಿದಾಗ, "ಅಲ್ಲಿ ನಾನು ನೋಡಿ ಆಯ್ತು" ಎಂದೆ. ಅವನು ಕೈ ತೆಗೆದ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಸಂಜೆ ಹತ್ತಿಯ ನಡುವೆ ಕೂತು ಅವನು ಹೇಳಿದ, "ಬೇರೆಯವರ ಗಲ್ಲಾದಲ್ಲಿ ಒಂದಾಣೆ ತಪ್ಪಿದ್ರೆ ನನಗೆ ನಿದ್ರೆ ಬರ್ತಿರ್ಲಿಲ್ಲ. ನನ್ನದೇ ಗಂಟು ಎಲ್ಲಿ ಬಿಟ್ಟೆ ಅಂತ ಗೊತ್ತಿಲ್ಲ ನೋಡು."

ಮರುವಾರ ಸೇಠರು ಮನೆಗೇ ಬಂದರು. ಇದ್ದ ಒಂದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ ನಾನು ಕಾಫಿ ಇಡಲು ಹೋದೆ. ಅವರದ್ದು ಮುಂಬಯಿ ಹಿಂದಿ. ನನಗೆ ಅಷ್ಟು ಹೊತ್ತಿಗೆ ಅದು ತಿಳಿಯುತ್ತಿತ್ತು.

"ಅರೆ ಭಾಯಿ, ಇಷ್ಟು ಹೆದರುವಂಥದ್ದು ಏನಾಗಿದೆ?" ಎಂದರು. "ಷೇರು ಇರುವುದು ಕಂಪನಿಯ ಪುಸ್ತಕದಲ್ಲಿ, ನಿನ್ನ ಹೆಸರಿನಲ್ಲಿ. ಕಾಗದ ಅದರ ರಸೀದಿ ಅಷ್ಟೆ. ಕಳೆದರೆ ಇನ್ನೊಂದು ಕೊಡುತ್ತಾರೆ."

ಒಲೆಯ ಮುಂದೆ ಕೂತಲ್ಲೇ ನಾನು ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಷೇರು ಹೋಗಿಲ್ಲ. ಗಂಜಿ ಹಾಕಿದ್ದಕ್ಕೂ ಹೋಗಿಲ್ಲ, ಜಿರಳೆ ತಿಂದದ್ದಕ್ಕೂ ಹೋಗಿಲ್ಲ. ಹಾಲು ಉಕ್ಕಿ ಒಲೆಗೆ ಬಿದ್ದದ್ದು ಗೊತ್ತಾದದ್ದು ವಾಸನೆ ಬಂದ ಮೇಲೆ.

"ಎಷ್ಟು ದಿನ?" ಎಂದು ಅಣ್ಣ ಕೇಳಿದ.

"ಅದೇ ಕಷ್ಟ. ಕಳೆದುಹೋಗಿದೆ ಅಂದರೆ ಪೇಪರಿನಲ್ಲಿ ಹಾಕಿಸಬೇಕು, ಪ್ರಮಾಣ ಮಾಡಬೇಕು, ಜಾಮೀನು ಕೊಡಬೇಕು. ಆಮೇಲೆ ಅವರ ಬೋರ್ಡು ಕೂತಾಗ ಆದೀತು. ತಿಂಗಳುಗಟ್ಟಲೆ. ಹರಿದ ತುಂಡಾದರೂ ಇದ್ದಿದ್ದರೆ, ನೆನೆದಿರಲಿ, ಇಲಿ ತಿಂದಿರಲಿ, ಅದನ್ನು ವಾಪಸು ಕೊಟ್ಟು ಹೊಸದು ತೆಗೆದುಕೊಳ್ಳುವುದು ಸುಲಭ."

ಅಂಗಡಿಯವರು ಆ ತಿಂಗಳ ಕೊನೆಗೆ ಉತ್ತರ ಕೇಳಿದ್ದರು. ತಿಂಗಳುಗಟ್ಟಲೆ ಅವರು ಕಾಯುವುದಿಲ್ಲ.

ಕಾಫಿ ಕೊಡುವಾಗಲೇ ನಾನು ಹೇಳಬಹುದಿತ್ತು. ತುಂಡು ಅಲ್ಲೇ, ನನ್ನ ಕೈಗೆಟಕುವಲ್ಲೇ ಇತ್ತು. ಆದರೆ ಈಗ ಹೇಳುವುದು ಬರೀ ಕಾಗದದ ವಿಷಯವಾಗಿ ಉಳಿದಿರಲಿಲ್ಲ. ಹತ್ತಿಯಲ್ಲಿ ಸುಳ್ಳೇ ಹುಡುಕಿದ್ದನ್ನೂ ಹೇಳಬೇಕಾಗುತ್ತಿತ್ತು. ಎರಡು ದಿನ ಹೀಗೇ ಕಳೆದು, ಕೊನೆಗೆ ನಾನೊಂದು ಉಪಾಯ ಮಾಡಿದೆ. ತುಂಡನ್ನು ಹಲಗೆಗೆ ಹಾಸಿದ್ದ ಕಾಗದದ ಅಡಿಯಿಂದ ತೆಗೆದು ಅಕ್ಕಿ ಡಬ್ಬಿಯ ಹಿಂದೆ, ಗೋಡೆಯ ಸಂದಿನಲ್ಲಿ ಹಾಕಿ, ಅಣ್ಣ ಬಂದ ಹೊತ್ತಿಗೆ ಡಬ್ಬಿ ಸರಿಸಿ, ಸಿಕ್ಕಿತು ಎಂದು ಕೂಗಿದೆ.

ಅಣ್ಣ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಅತ್ತ. ಅವನು ಅತ್ತದ್ದನ್ನು ಅಮ್ಮ ಹೋದಾಗ ಬಿಟ್ಟರೆ ನಾನು ನೋಡಿದ್ದು ಆಗಲೇ.

"ನಾನೇ ಎಲ್ಲಾದರೂ ಬೀಳಿಸಿರ್ಬೇಕು. ಇಲಿ ಎಳಕೊಂಡು ಹೋಗಿದೆ" ಎಂದ. "ನೀನಿಲ್ಲದಿದ್ರೆ ನನ್ನ ಗತಿ ಎಂತಾಗ್ತಿತ್ತು."

ನಾನು ಅಕ್ಕಿ ಡಬ್ಬಿಯನ್ನು ಅದರ ಜಾಗಕ್ಕೆ ತಳ್ಳಿದೆ.

ಮರುದಿನ ಮನೆಗೆ ಬಂದ ಸೇಠರು ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ತಟ್ಟಿದರು. ಅದು ಹಪ್ಪಳದ ಹಾಗೆ ಸದ್ದು ಮಾಡಿತು. ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು, "ಬಹೆನ್, ನಿಮ್ಮ ಮನೆಯ ಇಲಿಗಳು ಇಸ್ತ್ರಿಯನ್ನೂ ಮಾಡ್ತವಾ?"

ಅಣ್ಣ ಖುಷಿಯಲ್ಲಿದ್ದವನು ಅದಕ್ಕೂ ನಕ್ಕ. ನಾನು ಲೋಟ ತೊಳೆಯಲು ಮೋರಿಯ ಕಡೆ ಹೋದೆ. ಸೇಠರು ಮತ್ತೆ ಆ ಮಾತು ಎತ್ತಲಿಲ್ಲ. ಅವರೇ ಅದನ್ನು ಕೋಟೆಯಲ್ಲಿದ್ದ ಕಂಪನಿಯ ಆಫೀಸಿಗೆ ಒಯ್ದರು. ಹೊಸ ಕಾಗದ ಬರುವವರೆಗೆ ಅಣ್ಣ ಭಟ್ಟರ ಪಾಲಿನಿಂದಲೇ ಅಂಗಡಿಯವರಿಗೆ ಮುಂಗಡ ಕೊಟ್ಟು ಕಾಯುವಂತೆ ಒಪ್ಪಿಸಿದ. ಮಳೆಗಾಲದ ನಡುವೆ ಹೊಸ ಕಾಗದ ಬಂತು. ಅದೇ ಹಸಿರು ಬಳ್ಳಿ, ಉಬ್ಬಿದ ಮುದ್ರೆ. ಅದನ್ನು ಇಟ್ಟುಕೊಳ್ಳಬೇಕಾಗಿದ್ದದ್ದು ಒಂದೇ ರಾತ್ರಿ. ಅಣ್ಣ ಅದನ್ನು ನನ್ನ ಕೈಗೂ ಕೊಡಲಿಲ್ಲ, ತಾನೂ ಇಟ್ಟುಕೊಳ್ಳಲಿಲ್ಲ. ಪಕ್ಕದ ಖೋಲಿಯವರ ಕಪಾಟಿನಲ್ಲಿ ಇಡಿಸಿದ. "ನನ್ನ ಕೈ ನಂಬುವ ಹಾಗಿಲ್ಲ" ಎಂದ. ಮರುದಿನ ಷೇರು ಮಾರಾಟವಾಯಿತು. ಬೆಲೆಯೂ ಒಳ್ಳೆಯದೇ ಬಂತೆಂದು ಸೇಠರು ಹೇಳಿದರು.

ನವರಾತ್ರಿಗೆ ಚೆಂಬೂರಿನ ಹೋಟೆಲು ಶುರುವಾಯಿತು. ಆರು ಮೇಜು, ಒಂದು ಕನ್ನಡಿ, ಬಾಗಿಲ ಬಳಿ ಎತ್ತರದ ಗಲ್ಲಾ. ಸಾಗುವಾನಿ ಮರದ್ದು, ಹಿತ್ತಾಳೆಯ ಹಿಡಿಕೆ. ಅಣ್ಣನೇ ಹೋಗಿ ಮರ ಆರಿಸಿ ಮಾಡಿಸಿದ್ದ. ಪೂಜೆಯಾದ ಮೇಲೆ ಎಲ್ಲರೂ ಅವನು ಹತ್ತಿ ಕೂರುವುದನ್ನು ನೋಡಲು ನಿಂತಿದ್ದರು. ಅಣ್ಣ ಬೀಗದ ಕೈಯನ್ನು ಭಟ್ಟರ ಕೈಗೆ ಕೊಟ್ಟ.

"ನೀವು ಕೂತ್ಕೊಳ್ಳಿ ಭಟ್ರೇ. ನಾನು ಮೇಜು ನೋಡ್ತೇನೆ."

ಭಟ್ಟರು ಅದನ್ನು ಮರ್ಯಾದೆಗೆ ಹೇಳಿದ ಮಾತೆಂದು ತಿಳಿದು ಒಂದು ದಿನಕ್ಕೆಂದು ಕೂತರು. ಮರುದಿನವೂ ಅಣ್ಣ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ.

ನಾನು ಮನೆಯಲ್ಲಿ ಸಾಂಬಾರ ಪುಡಿ ಮಾಡಿ, ಕುರ್ಲಾದಲ್ಲಿ ಗಾಡಿ ಬದಲಿಸಿ ಹೋಟೆಲಿಗೆ ತಲುಪಿಸುತ್ತಿದ್ದೆ. ಹೋದಾಗೆಲ್ಲ ಅದೇ ನೋಟ. ದೋಸೆ ಹಿಟ್ಟಿನ ಕೈಯಲ್ಲಿ ಭಟ್ಟರು ಒಳಗಿನಿಂದ ಓಡಿ ಬಂದು ಚಿಲ್ಲರೆ ಕೊಡುವುದು, ಕಾವಲಿಯ ಮೇಲೆ ದೋಸೆ ಸೀದುಹೋಗುವುದು. ಕಾರ್ಖಾನೆಯ ಕೆಲಸದವರು ನಾಣ್ಯ ಒರೆಸಿಕೊಳ್ಳುತ್ತ, "ಭಟ್ರೇ, ಚಿಲ್ಲರೆಗೂ ಚಟ್ನಿ ಹಾಕಿ ಕೊಡ್ತೀರಾ?" ಎಂದು ಛೇಡಿಸುತ್ತಿದ್ದರು. ಹದ ತಪ್ಪದ ಅಡುಗೆಯವರಿಗೆ ಲೆಕ್ಕ ಮಾತ್ರ ದಿನವೂ ತಪ್ಪುತ್ತಿತ್ತು.

ಅಣ್ಣನೋ, ಮನೆಗೆ ಬೀಗ ಹಾಕಿದ ಮೇಲೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದು ಎಳೆದು ನೋಡುವವನಾಗಿದ್ದ. ರೈಲಿನ ಟಿಕೇಟನ್ನು ನನ್ನ ಕೈಗೆ ಕೊಡುತ್ತಿದ್ದ. ವರ್ಷಗಟ್ಟಲೆ ಬೇರೆಯವರ ತಿಜೋರಿ ಕಾದವನು ತನ್ನ ಹಣ ಮುಟ್ಟಲು ಹೆದರುತ್ತಿದ್ದ.

ಒಂದು ದಿನ ಪುಡಿಯ ಡಬ್ಬಿ ಹಿಡಿದು ಒಳಗೆ ಕಾಲಿಡುವಾಗ ಭಟ್ಟರ ದನಿ ಕೇಳಿತು.

"ಎಂತ ಮಾರಾಯ, ನಾನು ಹಿಟ್ಟು ನೋಡುದಾ, ಚಿಲ್ಲರೆ ನೋಡುದಾ? ನೀನು ಗಲ್ಲಾದಲ್ಲಿ ಇರ್ತಿ ಅಂತಲೇ ನಾನು ಪಾಲಿಗೆ ಬಂದದ್ದು. ನೀನು ಕೂರುದಿಲ್ಲ ಅಂತಾದ್ರೆ ನನ್ನ ಪಾಲು ನನಗೆ ಕೊಡು. ನಾನು ಬೇರೆ ಕಡೆ ಒಲೆ ಹಚ್ತೇನೆ."

"ಕೊಡ್ತೇನೆ ಭಟ್ರೇ. ಈ ಅಂಗಡಿಯನ್ನೇ ಬಿಟ್ಟುಕೊಟ್ಟು ಕೊಡ್ತೇನೆ. ಸ್ವಂತ ಗಂಟನ್ನೇ ಇಲಿಗೆ ಹಾಕಿದವ ನಾನು. ನಾಳೆ ನಿಮ್ಮ ಗಂಟನ್ನೂ ಹಾಕಿದ್ರೆ?"

ಭಟ್ಟರು ತಲೆಗೆ ಬೈರಾಸು ಸುತ್ತಿಕೊಂಡು ಹಿಂದಿನ ಉಗ್ರಾಣಕ್ಕೆ ಹೋಗಿ ಅಕ್ಕಿ ಮೂಟೆಯ ಮೇಲೆ ಮಲಗಿದರು. ಮಧ್ಯಾಹ್ನದ ಊಟ ಮುಗಿದು ಹೋಟೆಲು ಖಾಲಿಯಾಗಿತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೆಲ ತೊಳೆದಿತ್ತು. ಅಣ್ಣ ಬಾಗಿಲ ಬಳಿ ನಿಂತು ಬಿಸ್ಕತ್ತಿನ ಭರಣಿಯ ಗಾಜು ಒರೆಸುತ್ತಿದ್ದ.

ಇನ್ನು ತಡೆದರೆ ಹೋಟೆಲೇ ಇರುವುದಿಲ್ಲ.

"ಅಣ್ಣ, ಆ ಕಾಗದ ನೀನು ಬೀಳಿಸಿದ್ದಲ್ಲ."

"ಯಾವ ಕಾಗದ?"

"ಷೇರಿನದ್ದು. ಅಕ್ಕಿ ಡಬ್ಬಿಯ ಹಿಂದೆ ಹಾಕಿದ್ದು ನಾನು."

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ಎಂತ ಹೇಳ್ತಿ ನೀನು? ಇಲಿ ಎಳಕೊಂಡು ಹೋದದ್ದು."

"ಇಲಿ ಇಲ್ಲ. ಜಿರಳೆ. ಟ್ರಂಕಿನಲ್ಲೇ ತಿಂದದ್ದು. ನಾನು ಗಂಜಿ ಹಾಕಿದ್ದೆ."

"ಯಾವುದಕ್ಕೆ ಗಂಜಿ?"

"ಕಾಗದಕ್ಕೆ. ದೀಪಾವಳಿಗೆ ಕಲಶದ ನೀರು ಬಿದ್ದು ಮೆತ್ತಗಾಗಿತ್ತು. ಗಂಜಿ ಹಾಕಿ ಉಜ್ಜಿದೆ."

ಅಣ್ಣ ಭರಣಿಯನ್ನು ಕೆಳಗಿಟ್ಟ. ಆಮೇಲೆ ಅವನ ಭುಜ ಕುಲುಕತೊಡಗಿತು. ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕ. ಗೋಡೆ ಹಿಡಿದು ನಕ್ಕ. ಉಗ್ರಾಣದಿಂದ ಭಟ್ಟರು ಎದ್ದು ಬಂದು ಇಣುಕಿ ನೋಡಿ, ಇವರಿಗೇನೋ ಹಿಡಿದಿದೆ ಎನ್ನುವಂತೆ ತಲೆಯಾಡಿಸಿ ಹಿಂದಕ್ಕೆ ಹೋದರು.

"ಷೇರಿಗೆ ಗಂಜಿ. ಈ ಬೊಂಬಾಯಿಯಲ್ಲಿ ಬೇರೆ ಯಾರೂ ಹಾಕಿರ್ಲಿಕ್ಕಿಲ್ಲ" ಎಂದು ಕಣ್ಣು ಒರೆಸಿಕೊಂಡ. ನನಗೂ ನಗು ಬಂತು.

ಆಮೇಲೆ ಅವನು ನಗುವುದು ನಿಂತಿತು.

"ಹಾಗಾದ್ರೆ ನಾನು ಎಲ್ಲಿಯೂ ಬಿಟ್ಟು ಬಂದದ್ದಲ್ಲ?"

"ಅಲ್ಲ."

"ಸೇಠರ ಹತ್ತಿರ ತೆಗೊಂಡು ಹೋದದ್ದೂ ಅಲ್ಲ?"

"ಅಲ್ಲ. ಅದು ನಾನು ಬಾಯಿಗೆ ಬಂದದ್ದು ಹೇಳಿದ್ದು."

"ಹಾಸಿಗೆ ಬಿಚ್ಚುವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಕೈಯಲ್ಲಿದ್ದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಗಲ್ಲಾದ ಹಿಡಿಕೆಗೆ ಅಂಟಿ ಒಣಗಿದ್ದ ಹಿಟ್ಟನ್ನು ಉಜ್ಜಿ ತೆಗೆದ. ಹಿತ್ತಾಳೆ ಹೊಳೆಯುವವರೆಗೂ ಉಜ್ಜಿದ. ಆಮೇಲೆ ಮೆಟ್ಟಿಲು ಹತ್ತಿ ಎತ್ತರದ ಕುರ್ಚಿಯಲ್ಲಿ ಕೂತ. ಖಾನೆ ಎಳೆದು, ಬೆರೆತುಹೋಗಿದ್ದ ನಾಣ್ಯಗಳನ್ನು ಅದರದರ ಗುಳಿಗೆ ಹಾಕತೊಡಗಿದ. ನೋಡದೆಯೇ ಬೆರಳುಗಳು ಓಡುತ್ತಿದ್ದವು, ಮಾಟುಂಗದಲ್ಲಿ ಓಡುತ್ತಿದ್ದ ಹಾಗೆಯೇ.

ಆಗ ನನಗೆ ತಿಳಿಯಿತು, ನಡೆದದ್ದನ್ನು ಹೇಳಿದ್ದೇನೆ, ಆದರೆ ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಗಿರಾಕಿಗಳು ನಿಲ್ಲುವ ಜಾಗಕ್ಕೆ ಹೋಗಿ ನಿಂತೆ. ಅವನು ತಲೆಯೆತ್ತಿದ.

"ಅಣ್ಣ, ಕಾಗದ ಹಾಳಾದದ್ದು ಗೊತ್ತಿಲ್ಲದೆ ಆದದ್ದು. ಆದ್ರೆ ನೀನು ಹುಡುಕುವಾಗ ನಾನೂ ಪಕ್ಕದಲ್ಲಿ ಕೂತು ಹುಡುಕಿದ ಹಾಗೆ ಮಾಡಿದೆ. ನಿನ್ನ ಕೈಯನ್ನು ನೀನೇ ನಂಬದ ಹಾಗೆ ಮಾಡಿದೆ. ಅದು ಗೊತ್ತಿದ್ದೇ ಮಾಡಿದ್ದು. ನನ್ನದು ತಪ್ಪಾಯ್ತು. ಕ್ಷಮಿಸು."